ಪೈಪಿಗೊಂದು ಆಸರೆ

ಲೋವೆಲ್ ಸ್ಟೆನ್ಸ್‌ರುಡ್‌ನ ಮನೆಗಾಡಿಯ ಕೊಳಚೆ ಪೈಪು ನೆಲದ ಮೇಲೆ ಬಿದ್ದುಕೊಂಡಿತ್ತು. ಗಾಡಿಯ ಹೊಟ್ಟೆಯಡಿಯಿಂದ ಹೊರಟು, ಹದಿನೈದು ಅಡಿ ಆಚೆ ಸಿಮೆಂಟಿನ ನಡುವೆ ಬಾಯ್ತೆರೆದಿದ್ದ ಚರಂಡಿಯ ಕೊಳವೆಯವರೆಗೆ, ಕೋಳಿ ನುಂಗಿದ ಹೆಬ್ಬಾವಿನ ಹಾಗೆ ಒಂದು ಕಡೆ ಉಬ್ಬಿ ಒಂದು ಕಡೆ ಕುಸಿದು ಮಲಗಿತ್ತು. ಹನ್ನೊಂದು ದಿನದಿಂದ ಹಾಗೇ ಮಲಗಿತ್ತು. ಯಾರೂ ಏನೂ ಅಂದಿರಲಿಲ್ಲ.

ಯಾರೂ ಏನೂ ಅನ್ನದಿರುವುದೇ ಲೋವೆಲ್‌ನ ಕಷ್ಟವಾಗಿತ್ತು. ಟೆಕ್ಸಾಸಿನ ತೆಂಕಣ ತುದಿಯ ಈ ಮೆಸ್ಕೀಟ್ ಬೆಂಡ್ ಪಾರ್ಕಿಗೆ ಚಳಿಗಾಲ ಕಳೆಯಲು ಮನೆಗಾಡಿ ಹೊಡೆದುಕೊಂಡು ಬರುವವರೆಲ್ಲ ಹದಿನೈದು ಇಪ್ಪತ್ತು ವರ್ಷದ ಹಳಬರು. ಯಾರ ಯಾವ ಮೊಣಕಾಲಿಗೆ ಯಾವ ವರ್ಷ ಆಪರೇಷನ್ ಆಯಿತು ಎನ್ನುವುದು ಅವರಿಗೆಲ್ಲ ಬಾಯಿಪಾಠ. ಹೊಸಬನಾದ ಲೋವೆಲ್ ಅವರಿಗೆ ಮೂವತ್ತನಾಲ್ಕನೇ ಜಾಗದವನು, ಅಷ್ಟೇ. ಹನ್ನೊಂದು ದಿನದಲ್ಲಿ ನಾಲ್ಕು ಜನ ಅವನಿಗೆ "ಗಾಳಿ ಜೋರು" ಅಂದಿದ್ದರು. ಅವನು ನಾಲ್ಕು ಸಲವೂ "ಹೌದು, ಜೋರು" ಅಂದಿದ್ದ. ಐದನೆಯದಾಗಿ ಒಂದು ನಾಯಿ ಬಂದು ಅವನ ಬೂಟು ಮೂಸಿ, ಅದರಲ್ಲೇನೂ ವಿಶೇಷ ಕಾಣದೆ ಹೋಗಿತ್ತು.

ಅವನಿಗೆ ಮಾತು ಶುರುಮಾಡಲು ಬರುತ್ತಿರಲಿಲ್ಲ. ನಾರ್ತ್ ಡಕೋಟಾದ ತನ್ನ ಊರಿನಲ್ಲಿ ಮೂವತ್ತೊಂದು ವರ್ಷ ಅವನು ಗೋಧಿ ಕಣಜದ ತೂಕದ ಕೋಣೆಯಲ್ಲಿ ಕೂತಿದ್ದವನು. ಲಾರಿ ಬಂದು ತೂಕದ ಹಾಸಿನ ಮೇಲೆ ನಿಂತರೆ ರೈತರೇ ಕಿಟಕಿಗೆ ತಲೆ ತೂರಿಸಿ ಮಾತಾಡುತ್ತಿದ್ದರು. ಇವನು ಹೂಂಗುಟ್ಟಿದರೆ ಸಾಕಿತ್ತು. ಮನೆಯಲ್ಲಿ ಮಾತಿನ ಕೆಲಸವನ್ನೆಲ್ಲ ಹೆಂಡತಿ ಆರ್ಲಿಸ್ ನೋಡಿಕೊಳ್ಳುತ್ತಿದ್ದಳು. ಈ ಗಾಡಿಯನ್ನು ಇಬ್ಬರೂ ಸೇರಿ ಕೊಂಡಿದ್ದರು, ಇಬ್ಬರೂ ಸೇರಿ ಹೊರಡುವುದೆಂದಿತ್ತು. ಕಳೆದ ಮಾರ್ಚಿನಲ್ಲಿ ಅವಳು ತೀರಿಕೊಂಡಳು. ಹಿಮ ಮತ್ತೆ ಬೀಳಲು ಶುರುವಾದಾಗ, ಅಡುಗೆಮನೆಯ ಗಡಿಯಾರದ ಸದ್ದನ್ನು ಇನ್ನೊಂದು ಚಳಿಗಾಲ ಕೇಳಲಾರೆನೆಂದು ಲೋವೆಲ್ ಒಬ್ಬನೇ ಹೊರಟು ಬಂದಿದ್ದ. ಇಲ್ಲಿ ಹಿಮ ಇರಲಿಲ್ಲ. ಸದ್ದು ಮಾತ್ರ, ಗಡಿಯಾರದ ಬದಲು ಸಣ್ಣ ಫ್ರಿಜ್ಜಿನದಾಗಿತ್ತು.

ಹನ್ನೆರಡನೇ ದಿನ ಬೆಳಿಗ್ಗೆ, ವಾಕಿಂಗ್ ಹೊರಟಿದ್ದ ವರ್ನನ್ ಕ್ಲಾಸನ್ ಅವನ ಗಾಡಿಯ ಮುಂದೆ ನಿಂತ. ವರ್ನನ್ ಪಕ್ಕದ ಮೂವತ್ತಮೂರರವನು, ಕೆನಡಾದ ಮ್ಯಾನಿಟೋಬಾ ಕಡೆಯ ರೈತ, ಉದ್ದಕ್ಕೆ ಬೇಲಿಗೂಟದ ಹಾಗಿದ್ದ. ಅವನು ಪೈಪನ್ನು ನೋಡಿದ ನೋಟ ಕಾಯಿಲೆ ಬಿದ್ದ ಹಸುವನ್ನು ನೋಡುವ ನೋಟವಾಗಿತ್ತು.

"ಇದನ್ನ ಹೀಗೆ ನೆಲಕ್ಕೆ ಬಿಡಬಾರದು ಕಣ್ರೀ," ಅಂದ. "ತಗ್ಗಲ್ಲೆಲ್ಲಾ ನಿಂತ್ಕೊಳತ್ತೆ. ನಾಲ್ಕು ದಿನ ಬಿಸಿಲು ಬೀಳಲಿ, ಆಮೇಲೆ ಅದೇ ನಿಮ್ಮನ್ನ ಹೆಸರು ಹಿಡಿದು ಕರೆಯತ್ತೆ."

ಯಾರಾದರೊಬ್ಬರು ಹೆಸರು ಹಿಡಿದು ಕರೆಯುತ್ತಾರಲ್ಲ ಎಂದು ಲೋವೆಲ್‌ಗೆ ಅನ್ನಿಸಿತು. ಆದರೆ ಅವನು ಬಾಯಿಬಿಟ್ಟು ಕೇಳಿದ್ದು, ಹಾಗಾದರೆ ಏನು ಮಾಡಬೇಕು ಎಂದು. ವರ್ನನ್ ಅದಕ್ಕೇ ಕಾದಿದ್ದವನಂತೆ ಹೇಳತೊಡಗಿದ. ಪೈಪಿನ ಕೆಳಗೆ ಸ್ಟ್ಯಾಂಡು ಇಡಬೇಕು. ಗಾಡಿಯ ಕಡೆ ಎತ್ತರ, ಚರಂಡಿಯ ಕಡೆ ತಗ್ಗು. ಪೈಪು ನೆಲಕ್ಕೆ ಉಜ್ಜಿ ತೂತಾಗುವುದಿಲ್ಲ, ನಾತವಿಲ್ಲ, ನೊಣವಿಲ್ಲ. ತನ್ನ ಬಳಿ ಒಂದು ಹೆಚ್ಚಿಗೆ ಇದೆ, ಈಗಲೇ ತರುತ್ತೇನೆ ಎಂದು ಹೋದ. ಅವನು ಬರುವಷ್ಟರಲ್ಲಿ ಲೋವೆಲ್ ಎರಡನೇ ಲೋಟಕ್ಕೆ ಕಾಫಿ ಬಗ್ಗಿಸಿಟ್ಟಿದ್ದ. ಆ ಲೋಟ ಊರು ಬಿಟ್ಟ ಮೇಲೆ ಕಪಾಟಿನಿಂದ ಇಳಿದಿರಲಿಲ್ಲ.

ವರ್ನನ್ ತಂದದ್ದು ತಿದಿಯ ಹಾಗೆ ಮಡಚಿಕೊಳ್ಳುವ ಪ್ಲಾಸ್ಟಿಕ್ಕಿನ ಸ್ಟ್ಯಾಂಡು. ಎಳೆದರೆ ಸಾಲುಗಾಲಿನ ಜರಿಹುಳುವಿನಂತೆ ಬಿಚ್ಚಿಕೊಳ್ಳುತ್ತ ಹೋಯಿತು. ಅದನ್ನು ಇನ್ನೇನು ಪೈಪಿನಡಿ ತಳ್ಳಬೇಕು, ಅಷ್ಟರಲ್ಲಿ ಇನ್ನೊಂದು ಪಕ್ಕದ ಮೂವತ್ತೈದರಿಂದ ಒಂದು ಕೆಮ್ಮು ಕೇಳಿಸಿತು. ಅಲ್ಲಿದ್ದವನು ರೆಕ್ಸ್ ಟಾಲಿವರ್, ಮಿಸೂರಿಯಲ್ಲಿ ನಲವತ್ತು ವರ್ಷ ನಲ್ಲಿ ಪೈಪಿನ ಕೆಲಸ ಮಾಡಿ ನಿವೃತ್ತನಾದವನು, ಕುಳ್ಳ, ಪೀಪಾಯಿಯಂಥ ಮೈ. ಅವನೂ ವರ್ನನ್ನೂ ಹೋದ ವರ್ಷದ ಇಸ್ಪೀಟಿನ ಪಂದ್ಯದಿಂದ ಸರಿಯಾಗಿ ಮಾತಾಡುತ್ತಿರಲಿಲ್ಲ.

"ಆ ಆಟದ ಸಾಮಾನು ನಂಬಿದ್ರೆ ಕೆಟ್ರಿ," ಎಂದು ರೆಕ್ಸ್ ವರ್ನನ್ನನ್ನು ನೋಡದೆ ಲೋವೆಲ್‌ಗೆ ಹೇಳಿದ. "ಗಾಡಿಯ ಟ್ಯಾಂಕಿನ ಕೊಳಚೆ ಬಿಡುವಾಗ ಪೈಪನ್ನ ಕೈಯಲ್ಲಿ ಎತ್ತಿ ಹಿಡ್ಕೊಂಡು ಎರಡು ಹೆಜ್ಜೆ ನಡೆದ್ರೆ ಎಲ್ಲಾ ಇಳಿದು ಹೋಗತ್ತೆ. ಅಷ್ಟಕ್ಕೆ ದೇಶದ ಆ ಕಡೆಯಿಂದ ಈ ಕಡೆಗೆ ಜರಿಹುಳು ಹೊತ್ಕೊಂಡು ತಿರುಗಬೇಕಾ?"

ದಿನಾ ಪೈಪು ಎತ್ತಿಕೊಂಡು ನಡೆಯಲು ನೀವೇನು ಸರ್ಕಸ್ಸಿನವರಾ ಎಂದು ವರ್ನನ್ ಕೂಡ ಲೋವೆಲ್‌ನನ್ನೇ ಕೇಳಿದ. ಒಂದು ಗಾಳಿ ಬೀಸಿದರೆ ಸ್ಟ್ಯಾಂಡು ಅಂಗಾತ ಮಲಗುತ್ತದೆ ಎಂದು ರೆಕ್ಸ್ ಲೋವೆಲ್‌ಗೆ ತಿಳಿಸಿದ. ಸರಿಯಾಗಿ ಇಡಲು ಬಾರದವರದು ಮಲಗುತ್ತದೆ ಎಂದು ವರ್ನನ್ ಲೋವೆಲ್‌ಗೆ ತಿಳಿಸಿದ. ಇಬ್ಬರ ಮಾತೂ ಲೋವೆಲ್‌ನ ಮೂಲಕವೇ ಹಾಯ್ದು ಹೋಗುತ್ತಿತ್ತು. ಅವನು ನಡುವೆ ನಿಂತು ಅತ್ತ ಒಮ್ಮೆ ಇತ್ತ ಒಮ್ಮೆ ತಲೆ ತಿರುಗಿಸುತ್ತಿದ್ದ. ಹತ್ತು ತಿಂಗಳಲ್ಲಿ ಅವನು ಇಷ್ಟು ಸುಖಪಟ್ಟಿರಲಿಲ್ಲ.

ಕೊನೆಗೆ ಇಬ್ಬರೂ, ನಿಮಗೆ ಯಾವುದು ಸರಿ ಅನ್ನಿಸುತ್ತದೆ ಎಂದು ಅವನನ್ನೇ ಕೇಳಿದರು. ಲೋವೆಲ್‌ಗೆ ಹೊಳೆಯಿತು: ಸ್ಟ್ಯಾಂಡು ಸರಿ ಅಂದರೆ ಐದು ನಿಮಿಷಕ್ಕೆ ಮುಗಿಯುತ್ತದೆ, ಇಬ್ಬರೂ ಹೊರಟು ಹೋಗುತ್ತಾರೆ. ಬೇಡ ಅಂದರೂ ಹೊರಟು ಹೋಗುತ್ತಾರೆ. ಅದೂ ಅಲ್ಲದೆ ಅವನಿಗೊಂದು ಗುಟ್ಟು ಗೊತ್ತಿತ್ತು. ಗಾಡಿಯ ಪಕ್ಕೆಯಲ್ಲಿ ಸಾಮಾನು ತುಂಬುವ ಗೂಡಿನೊಳಗೆ ಅಂಥದೇ ಒಂದು ಸ್ಟ್ಯಾಂಡು, ಹೊಚ್ಚ ಹೊಸದು, ಪೆಟ್ಟಿಗೆ ಬಿಚ್ಚದೆ ಕೂತಿತ್ತು. ಗೂಡಿನ ಬಾಗಿಲು ಅರೆ ತೆರೆದಿತ್ತು. ಲೋವೆಲ್ ಹಿಮ್ಮಡಿಯಿಂದ ಅದನ್ನು ಮೆಲ್ಲಗೆ ಮುಚ್ಚಿದ.

"ಎರಡರಲ್ಲೂ ಏನೋ ಇದೆ ಅನ್ನಿಸತ್ತೆ," ಅಂದ.

ಹೀಗಾಗಿ ಜಗಳ ಬೆಳೆಯಿತು. ಹತ್ತು ಗಂಟೆಯ ಹೊತ್ತಿಗೆ ಸುದ್ದಿ ಬಟ್ಟೆ ಒಗೆಯುವ ಕೋಣೆಯನ್ನು ಮುಟ್ಟಿತು. ಅಲ್ಲಿಂದ ಗ್ಲೆನಾ ರಾಡಮೇಕರ್ ಬಂದಳು. ನೆಬ್ರಾಸ್ಕಾದ ಬೆಳ್ಳಿಕೂದಲ ವಿಧವೆ. ಗುರುವಾರದ ಸಹಭೋಜನಕ್ಕೆ ಯಾರು ಏನು ತರಬೇಕೆಂಬ ಪಟ್ಟಿ ಅವಳ ಕೈಯಲ್ಲಿತ್ತು, ಆದ್ದರಿಂದ ಪಾರ್ಕಿನ ಅಧಿಕಾರವೂ ಅವಳದೇ. ಅವಳು ಇಬ್ಬರ ವಾದವನ್ನೂ ಕೇಳಿ, ಬಾಯಿಮಾತಿನಲ್ಲಿ ಇದು ಬಗೆಹರಿಯುವುದಿಲ್ಲ, ಮಧ್ಯಾಹ್ನ ಎರಡಕ್ಕೆ ಪರೀಕ್ಷೆ ಆಗಲಿ ಎಂದು ತೀರ್ಪು ಕೊಟ್ಟಳು. ಪಾತ್ರೆ ತೊಳೆದ ನೀರಿನ ಟ್ಯಾಂಕಿಗೆ ನೀಲಿ ಬಣ್ಣ ಹಾಕಿ ಬಿಡುವುದು. ಯಾರ ಪದ್ಧತಿಯಲ್ಲಿ ಪೈಪಿನಲ್ಲಿ ಕಡಿಮೆ ನೀಲಿ ಉಳಿಯುತ್ತದೋ ಅವರು ಗೆದ್ದಂತೆ. ಕಕ್ಕಸಿನ ಟ್ಯಾಂಕಿನ ತಂಟೆಗೆ ಯಾರೂ ಹೋಗಕೂಡದು, ತಾನು ತಿಂಡಿ ತರುತ್ತಿದ್ದೇನೆ ಎಂದೂ ಹೇಳಿದಳು.

ಲೋವೆಲ್ ಅಂದು ಎರಡನೇ ಸಲ ಗಡ್ಡ ಹೆರೆದುಕೊಂಡ. ಮೇಜು ಒರೆಸಿದ. ಇದ್ದದ್ದು ಎರಡೇ ಲೋಟ. ಆದ್ದರಿಂದ ಜಾಮಿನ ಬಾಟಲಿ ಎರಡನ್ನು ಖಾಲಿ ಮಾಡಲೇಬೇಕಾಗಿ ಬಂದು, ನಿಂತುಕೊಂಡೇ ಚಮಚದಲ್ಲಿ ಅಷ್ಟೂ ಜಾಮು ತಿಂದು, ಬಾಟಲಿ ತೊಳೆದು ಬೋರಲು ಹಾಕಿದ. ಹೊಟ್ಟೆ ಒಂದು ಥರ ಆಯಿತು. ಆದರೂ ಅತಿಥಿಗಳು ಬರುತ್ತಾರೆಂದು ಹಾಗೆ ಆದದ್ದು, ಚೆನ್ನಾಗಿಯೇ ಇತ್ತು.

ಎರಡಕ್ಕೆ ಹತ್ತೊಂಬತ್ತು ಜನ ಬಂದರು. ಮಡಚುವ ಕುರ್ಚಿ ತಂದು, ಮದುವೆ ಮಂಟಪದ ಮುಂದೆ ಕೂತಂತೆ ಸಾಲಾಗಿ ಕೂತರು. ಗ್ಲೆನಾ ಪೆಕಾನ್ ಬೀಜದ ಸಿಹಿ ಹಂಚಿದಳು. ಯಾರೋ ಲೋವೆಲ್‌ನ ಹೆಗಲು ತಟ್ಟಿದರು.

ಮೊದಲ ಸರದಿ ರೆಕ್ಸ್‌ನದು. ಲೋವೆಲ್ ವಾಲ್ವ್ ಎಳೆದ. ನೀಲಿ ನೀರು ಬುಳಬುಳ ಬಂತು. ರೆಕ್ಸ್ ಪೈಪನ್ನು ಗಾಡಿಯ ಕಡೆಯಿಂದ ಎತ್ತಿ, ಮಗುವನ್ನು ಎದೆಗವಚಿಕೊಂಡಂತೆ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ಚರಂಡಿಯ ಕಡೆಗೆ ನಡೆದ. ನಾಲ್ಕು ಹೆಜ್ಜೆ ಗಂಭೀರವಾಗಿ ಸಾಗಿತು. ಐದನೆಯದಕ್ಕೆ, ಆ ಕೊನೆಯಲ್ಲಿ ಪೈಪಿನ ಮೂತಿ ಕೊಳವೆಯಿಂದ ಕಳಚಿ, ಹೆಡೆಯೆತ್ತಿ, ತಲೆ ಅತ್ತಿತ್ತ ಆಡಿಸಿ, ಮುಂದಿನ ಸಾಲಿನಲ್ಲಿ ಕೂತಿದ್ದ ವರ್ನನ್ನಿನ ಬಿಳಿ ಬೂಟಿನ ಮೇಲೆ ಇದ್ದದ್ದನ್ನೆಲ್ಲ ಕಾರಿತು. ವರ್ನನ್ ನೀಲಿ ಬೂಟಿನಲ್ಲೇ ಎದ್ದು ತನ್ನ ಸ್ಟ್ಯಾಂಡು ಹರಡಿದ.

ಅವನ ಕೆಲಸ ಅಚ್ಚುಕಟ್ಟಾಗಿತ್ತು. ಹಗ್ಗ ಹಿಡಿದಂತೆ ನೇರವಾಗಿ ಸ್ಟ್ಯಾಂಡು ನಿಂತಿತು, ಅದರ ಮೇಲೆ ಪೈಪು ರಾಜಗಾಂಭೀರ್ಯದಿಂದ ಒರಗಿತು. ಲೋವೆಲ್ ಮತ್ತೆ ವಾಲ್ವ್ ಎಳೆದ. ಅದೇ ಹೊತ್ತಿಗೆ ಕಡಲ ಕೊಲ್ಲಿಯ ಕಡೆಯಿಂದ, ದಿನಾ ಮಧ್ಯಾಹ್ನ ಬರುವ ಗಾಳಿ ಬಂತು. ಮೊದಲ ಕಾಲು ಬಾಗಿ ಎರಡನೆಯದಕ್ಕೆ ತಾಗಿತು, ಎರಡನೆಯದು ಮೂರನೆಯದಕ್ಕೆ. ಇಸ್ಪೀಟೆಲೆಯ ಮನೆಯಂತೆ ಇಡೀ ಸಾಲು ಒಂದೇ ಕಡೆಗೆ ಮಲಗಿತು. ಪೈಪು ಜಾರಿ ಲೋವೆಲ್‌ನ ಕಾಲಿನ ಸುತ್ತ ಸುರುಳಿ ಬಿತ್ತು, ನೀಲಿ ಅವನ ಪ್ಯಾಂಟಿನ ಮೊಣಕಾಲಿಗೇರಿತು. ಹತ್ತೊಂಬತ್ತು ಜನ ನಕ್ಕರು. ಲೋವೆಲ್ ಎಲ್ಲರಿಗಿಂತ ಜೋರಾಗಿ ನಕ್ಕ. ಆ ಸದ್ದು ತನ್ನದೇ ಎಂದು ಗೊತ್ತಾಗಲು ಅವನಿಗೆ ಕೊಂಚ ಹೊತ್ತು ಹಿಡಿಯಿತು.

ಮತ್ತೊಮ್ಮೆ ಮಾಡೋಣ, ಈ ಸಲ ಸ್ಟ್ಯಾಂಡಿನ ಬುಡಕ್ಕೆ ಏನಾದರೂ ಭಾರ ಇಡೋಣ ಎಂದು ರೆಕ್ಸೇ ಹೇಳಿದ. ಬೂಟಿನ ವಿಷಯದಲ್ಲಿ ಅವನಿಗೆ ನಾಚಿಕೆಯಾಗಿತ್ತು. ಮರದ ತುಂಡು ಏನಾದರೂ ಇದೆಯೇ ನೋಡುತ್ತೇನೆ ಎಂದು, ಲೋವೆಲ್ ತಡೆಯುವಷ್ಟರಲ್ಲಿ, ಗಾಡಿಯ ಗೂಡಿಗೆ ಕೈ ಹಾಕಿದ. ಕೈ ಹೊರಬಂದಾಗ ಅದರಲ್ಲಿ ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಮೇಲೆ ಸ್ಟ್ಯಾಂಡಿನ ಚಿತ್ರ ಎಲ್ಲರಿಗೂ ಕಾಣುವಷ್ಟು ದೊಡ್ಡದಾಗಿತ್ತು.

ನಗು ನಿಂತಿತು.

"ಇದನ್ನ ಒಳಗಿಟ್ಕೊಂಡೇ ಬೆಳಿಗ್ಗೆಯಿಂದ ನಮ್ಮನ್ನ ಕುಣಿಸಿದ್ಯಾ?" ಎಂದು ರೆಕ್ಸ್ ಕೇಳಿದ. ಬಹುವಚನ ಬಿಟ್ಟುಹೋಗಿತ್ತು, ಆದರೆ ಸಲುಗೆಯಿಂದಲ್ಲ.

ಲೋವೆಲ್ ನೀಲಿ ಪ್ಯಾಂಟಿನಲ್ಲಿ ನಿಂತಿದ್ದ. ರೆಕ್ಸ್ ಪೆಟ್ಟಿಗೆಯನ್ನು ತಿರುಗಿಸಿದ. ಹಿಂದುಗಡೆ ದಪ್ಪ ಪೆನ್ನಿನಲ್ಲಿ, ಓರೆ ಅಕ್ಷರದಲ್ಲಿ ಬರೆದಿತ್ತು: ಲೋವೆಲ್, ಇದು ಪೈಪಿಗೆ. ಟೊಮೇಟೊ ಗಿಡಕ್ಕೆ ಅಲ್ಲ.

"ನನ್ನ ಹೆಂಡ್ತಿ ಬರೆದದ್ದು," ಎಂದ ಲೋವೆಲ್. "ಮಾರ್ಚಿನಲ್ಲಿ ಹೋದಳು. ಬಿಚ್ಚಿದ್ರೆ ಪೆಟ್ಟಿಗೆ ಹರಿಯತ್ತೆ ಅಂತ..."

ರೆಕ್ಸ್ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ವರ್ನನ್ ಬಂದು ಅದನ್ನು ಅವನಿಂದ ತೆಗೆದುಕೊಂಡು, ಮೂಲೆ ಜಜ್ಜದ ಹಾಗೆ, ಇದ್ದಲ್ಲೇ ಇಟ್ಟು ಗೂಡು ಮುಚ್ಚಿದ.

"ಅವರ ಹೆಸರೇನಿತ್ತು?" ಎಂದು ಗ್ಲೆನಾ ಕೇಳಿದಳು.

"ಆರ್ಲಿಸ್."

ಆ ಹೆಸರನ್ನು ಅವನು ಯಾರೆದುರಿಗೂ ಹೇಳಿ ಎಷ್ಟೋ ದಿನವಾಗಿತ್ತು. ಆಮೇಲೆ ಸುಮಾರು ಕಾಲು ಗಂಟೆ, ಯಾರೂ ಎದ್ದು ಹೋಗಲಿಲ್ಲ. ಆರ್ಲಿಸ್‌ಗೆ ಏನು ಇಷ್ಟ, ಹೇಗೆ ನಗುತ್ತಿದ್ದಳು, ಟೊಮೇಟೊ ಗಿಡದ ಕತೆ ಏನು ಎಂದು ಒಬ್ಬೊಬ್ಬರಾಗಿ ಕೇಳಿದರು. ಮನೆಯಲ್ಲಿನ ಕೊಡೆ, ಊರುಗೋಲು, ಒಮ್ಮೆ ಅವಳ ದೀಪದ ಕಂಬ, ಎಲ್ಲವನ್ನೂ ತಾನು ಟೊಮೇಟೊ ಗಿಡಕ್ಕೆ ಆಸರೆಯಾಗಿ ನೆಟ್ಟದ್ದನ್ನು ಲೋವೆಲ್ ಹೇಳಿದ. ಜಾಮಿನ ಬಾಟಲಿಯಲ್ಲಿ ಕಾಫಿ ಕೊಟ್ಟ. ವರ್ನನ್ನೂ ರೆಕ್ಸೂ ಒಂದೇ ಬೆಂಚಿನ ಮೇಲೆ ಕೂತು ಕುಡಿದರು. ಲೋವೆಲ್‌ಗೆ ಇಲ್ಲಿ ಇನ್ನು ಮೂರು ತಿಂಗಳು ಮಾತ್ರವಲ್ಲ, ಮೂವತ್ತು ವರ್ಷ ಬೇಕಾದರೂ ಇರಬಹುದು ಅನ್ನಿಸಿತು.

ಆದರೆ ಜನಕ್ಕೆ ಕನಿಕರ ಬಂದರೆ ಕೈಕಟ್ಟಿ ಕೂರಲಾರರು. ಪಾಪ, ಇಂಥ ಮನುಷ್ಯನಿಗೆ ಪೈಪಿನದೊಂದು ಕಾಟ ಬೇರೆಯೇ ಎಂದು ಎಲ್ಲರಿಗೂ ಒಟ್ಟಿಗೆ ಅನ್ನಿಸಿತು. ರೆಕ್ಸ್ ತನ್ನ ರಸಮಟ್ಟ ತಂದು ನೆಲದ ಏರುತಗ್ಗು ಅಳೆದ. ವರ್ನನ್ ಇನ್ನೊಂದು ತುದಿ ಹಿಡಿದುಕೊಂಡ. ಇಬ್ಬರೂ ಮಂಡಿಯೂರಿ, ತಲೆಗೆ ತಲೆ ತಾಗಿಸಿ ನೋಡಿ, ಒಂದು ವರ್ಷದಲ್ಲಿ ಮೊದಲ ಬಾರಿ ಒಪ್ಪಂದಕ್ಕೆ ಬಂದರು. ತಪ್ಪು ಸ್ಟ್ಯಾಂಡಿನದೂ ಅಲ್ಲ, ಕೈಯದೂ ಅಲ್ಲ. ಚರಂಡಿಯ ಬಾಯನ್ನೇ ಎತ್ತರದಲ್ಲಿ ಕಟ್ಟಿಬಿಟ್ಟಿದ್ದಾರೆ. ನೆಲದಲ್ಲಿ ಇಳಿಜಾರು ಇದ್ದರೆ ಸ್ಟ್ಯಾಂಡು ಉಪಯೋಗಕ್ಕೆ ಬರುತ್ತದೆ, ಇಲ್ಲದ ಇಳಿಜಾರನ್ನು ಅದು ಹುಟ್ಟಿಸಲಾರದು.

ಗ್ಲೆನಾ ಪಾರ್ಕಿನ ಮ್ಯಾನೇಜರನ್ನು ಕರೆಸಿದಳು. ಒಫೀಲಿಯಾ ಕಂತೂ, ಅದೇ ಊರಿನ ಹೆಂಗಸು, ಬ್ಯಾಟರಿ ಗಾಡಿಯಲ್ಲಿ ಬಂದು, ಮೂವತ್ತನಾಲ್ಕರ ಕೊಳವೆ ಮೊದಲಿನಿಂದಲೂ ಹೀಗೇ, ಅದಕ್ಕೇ ಅದು ಯಾವಾಗಲೂ ಹೊಸಬರ ಪಾಲಿಗೆ ಬರುವುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಎಂಬತ್ತೆಂಟು ಖಾಲಿ ಇದೆ, ಅಲ್ಲಿ ಇಳಿಜಾರು ಜಾರುಬಂಡೆಯ ಹಾಗಿದೆ, ಪೈಪು ಮೂರಡಿ ಸಾಕು, ಸ್ಟ್ಯಾಂಡಿನ ಮಾತೇ ಬೇಡ ಎಂದಳು. ಎಂಬತ್ತೆಂಟು ಎಂದರೆ ಕಾಲುವೆಯ ಆಚೆ, ಪಂಪಿನ ಮನೆಯ ಹಿಂದೆ, ಪಾರ್ಕು ಮುಗಿದು ಕಬ್ಬಿನ ಗದ್ದೆ ಶುರುವಾಗುವ ಕಡೆ. ಎಂಬತ್ತೇಳೂ ಖಾಲಿ, ಎಂಬತ್ತಾರೂ ಖಾಲಿ.

"ಬೇಡ, ಇಲ್ಲೇ ಆಗತ್ತೆ," ಎಂದ ಲೋವೆಲ್.

ಗ್ಲೆನಾ ಅವನ ಕೈ ಹಿಡಿದು, ಸಂಕೋಚ ಪಡಬೇಡಿ ಎಂದಳು. ಲೋವೆಲ್ ಗಾಬರಿಯಿಂದ, ನಿಜವಾಗಿಯೂ ಬೇಡ, ತನಗೆ ಈ ಪೈಪು ಅಭ್ಯಾಸವಾಗಿದೆ ಎಂದ. ಒಫೀಲಿಯಾ ತನಗೇನೂ ತೊಂದರೆಯಿಲ್ಲ ಎಂದಳು. ಲೋವೆಲ್ ಸುತ್ತ ನಿಂತವರ ಮುಖ ನೋಡಿದ. ನನಗೆ ಬೇಕಾದದ್ದು ಇಳಿಜಾರಲ್ಲ, ನೀವು ಎಂದು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತೊಂದು ವರ್ಷ ಕಿಟಕಿಯ ಹಿಂದೆ ಕೂತಿದ್ದ ಮನುಷ್ಯ ಅಂಥ ಮಾತನ್ನು ಎಲ್ಲಿ ಕಲಿತಿರಬೇಕು?

"ಬೇಡಮ್ಮ, ಯಾಕೆ ಸುಮ್ನೆ," ಎಂದಷ್ಟೇ ಹೇಳಿದ.

ವರ್ನನ್ ಎಲ್ಲರ ಕಡೆ ತಿರುಗಿ, ತಿಳಿದವನ ನಗೆ ನಕ್ಕ. "ನಂಗೆ ಇವ್ರ ಕಡೆಯವರು ಗೊತ್ತು. ನಮ್ಮೂರಿಂದ ಗಡಿ ದಾಟಿದ್ರೆ ಇವ್ರೂರೇ. ಮೂರು ಸಲ ಬೇಡ ಅನ್ನದೆ ಒಂದು ಬಿಸ್ಕತ್ತನ್ನೂ ಮುಟ್ಟಲ್ಲ. ಈಗ ಮೂರಾಯ್ತು. ಎತ್ರೀ ಕುರ್ಚಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಲೋವೆಲ್ ಜೀವಮಾನವೆಲ್ಲ ಹಾಗೇ ಬಾಳಿದ್ದ. ನಾಲ್ಕನೇ ಸಲ ಬೇಡ ಎನ್ನುವುದು ಅವನ ಊರಿನಲ್ಲಿ ಒರಟುತನ.

ಆ ಪಾರ್ಕಿನಲ್ಲಿ ಅಷ್ಟು ಒಗ್ಗಟ್ಟಿನಿಂದ ಯಾವ ಕೆಲಸವೂ ಆಗಿರಲಿಲ್ಲ. ಒಬ್ಬರು ಮೆಟ್ಟಿಲು ಮಡಚಿದರು, ಒಬ್ಬರು ಕರೆಂಟಿನ ವೈರು ಸುತ್ತಿದರು. ರೆಕ್ಸ್ ಹಿಂದೆ ಹಿಂದೆ ನಡೆಯುತ್ತ ಎರಡೂ ಕೈ ಬೀಸಿ ಗಾಡಿಗೆ ದಾರಿ ತೋರಿಸಿದ. ವರ್ನನ್ ಪೈಪನ್ನು ಹೆಗಲಿಗೆ ಸುತ್ತಿಕೊಂಡು ಮುಂದೆ ನಡೆದ. ಹತ್ತೊಂಬತ್ತು ಜನರ ಮೆರವಣಿಗೆ ಕಾಲುವೆಯ ಸೇತುವೆ ದಾಟಿತು. ಎಂಬತ್ತೆಂಟರಲ್ಲಿ ಎಲ್ಲ ಜೋಡಿಸಿ, ಉಳಿದ ನೀಲಿ ನೀರು ಬಿಟ್ಟು ನೋಡಿದರು. ಸೊರ್ ಎಂದು ಒಂದೇ ಸದ್ದು, ಪೈಪು ಒಣಗಿದಷ್ಟು ಖಾಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ಲೆನಾ ಅವನನ್ನು ಅಪ್ಪಿಕೊಂಡಳು. ಇನ್ನು ನಿಮಗೆ ಯಾರ ತಂಟೆಯೂ ಇಲ್ಲ ಎಂದು ರೆಕ್ಸ್ ಹೇಳಿದ.

ಹತ್ತು ನಿಮಿಷದಲ್ಲಿ ಅಲ್ಲಿ ಯಾರೂ ಇರಲಿಲ್ಲ. ಕಬ್ಬಿನ ಗದ್ದೆಯ ಮೇಲೆ ಕಪ್ಪು ಹಕ್ಕಿಗಳು ಇಳಿದವು. ಪಂಪಿನ ಮನೆ ಒಮ್ಮೆ ಗುಡುಗುಟ್ಟಿ ಸುಮ್ಮನಾಯಿತು. ಲೋವೆಲ್ ಪ್ಯಾಂಟು ಬದಲಿಸಿ, ಎರಡು ಲೋಟ ಎರಡು ಬಾಟಲಿ ತೊಳೆದು, ಕಿಟಕಿಯ ಹತ್ತಿರ ಕೂತ. ಹೊತ್ತು ಇಳಿಯುತ್ತಿದ್ದಂತೆ ಕಾಲುವೆಯ ಆಚೆಯಿಂದ ನಗು ಕೇಳತೊಡಗಿತು. ಬಹಳ ಜನರ ನಗು. ಲೋವೆಲ್ ಬಾಗಿಲು ತೆರೆದು ನಿಂತ. ಯಾರೋ ಬಣ್ಣದ ದೀಪದ ಸರ ಕಟ್ಟಿದ್ದರು.

ಅವನು ಆ ಕಡೆ ನಡೆದ. ಕುರ್ಚಿ ತೆಗೆದುಕೊಂಡು ಹೋದರೆ ಕೂರಲೆಂದೇ ಬಂದಂತೆ ಕಾಣುತ್ತದೆಂದು ಕುರ್ಚಿ ಒಯ್ಯಲಿಲ್ಲ.

ದೀಪ ಕಟ್ಟಿದ್ದು ಮೂವತ್ತನಾಲ್ಕರಲ್ಲೇ. ಆ ಜಾಗವನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಒಫೀಲಿಯಾ ಹೇಳಿದ್ದಳಂತೆ. ಅಷ್ಟು ಹೇಳಿದ್ದೇ ಸಾಕಾಗಿ, ವರ್ನನ್ನೂ ರೆಕ್ಸೂ ಸೇರಿ ಅಲ್ಲೊಂದು ದೊಡ್ಡ ಮೇಜು ಎಳೆದು ತಂದಿದ್ದರು. ಗಾಡಿ ನಿಂತಿದ್ದ ಸಿಮೆಂಟಿನ ಮೇಲೆ ಹತ್ತೊಂಬತ್ತು ಕುರ್ಚಿ ದುಂಡಗೆ ನಿಂತಿದ್ದವು. ಇಬ್ಬರೂ ಜೊತೆಯಾಗಿ ಇಸ್ಪೀಟು ಹಂಚುತ್ತಿದ್ದರು. ಇನ್ನು ಮೇಲೆ ದಿನಾ ಸಂಜೆ ಇಲ್ಲೇ ಎಂದು ಗ್ಲೆನಾ ಪಟ್ಟಿ ಬರೆಯುತ್ತಿದ್ದಳು.

ಲೋವೆಲ್ ಬೆಳಕಿನ ಅಂಚಿನಲ್ಲಿ ನಿಂತ. ಅವನನ್ನು ಮೊದಲು ಕಂಡವಳು ಗ್ಲೆನಾ. ಅವಳ ಮುಖದಲ್ಲಿ ಕಾಳಜಿ ಮೂಡಿತು. "ಯಾಕೆ ಲೋವೆಲ್, ಅಲ್ಲೂ ಪೈಪ್ ಸರಿ ಹೋಗ್ಲಿಲ್ವಾ?"

ಎಲ್ಲರೂ ತಿರುಗಿದರು. ರೆಕ್ಸ್ ಎಲೆ ಕೆಳಗಿಟ್ಟು ಅರ್ಧ ಎದ್ದ. ವರ್ನನ್ ರಸಮಟ್ಟಕ್ಕಾಗಿ ಅತ್ತಿತ್ತ ನೋಡಿದ. ಇಲ್ಲ, ಸರಿಹೋಗಲಿಲ್ಲ ಎನ್ನುವ ಒಂದು ಮಾತು ಲೋವೆಲ್‌ನ ತುಟಿಯವರೆಗೆ ಬಂತು. ಅಷ್ಟಂದಿದ್ದರೆ ಹತ್ತೊಂಬತ್ತು ಜನ ಕುರ್ಚಿ ಮಡಚಿಕೊಂಡು ಅವನ ಹಿಂದೆ ಬರುತ್ತಿದ್ದರು. ಆದರೆ ಅಷ್ಟೆಲ್ಲ ಕಷ್ಟಪಟ್ಟು ಮಾಡಿಕೊಟ್ಟವರ ಮುಂದೆ ಆ ಸುಳ್ಳು ಹೊರಡಲಿಲ್ಲ.

"ಸರಿಯಾಗಿದೆ," ಎಂದ. "ಒಂದು ಹನಿಯೂ ನಿಲ್ಲಲ್ಲ."

ಎಲ್ಲರಿಗೂ ನಿಜವಾಗಿಯೂ ಸಂತೋಷವಾಯಿತು. ಅದನ್ನು ಹೇಳಲೆಂದೇ ಇಷ್ಟು ದೂರ ನಡೆದು ಬಂದನಲ್ಲ ಎಂದು ಗ್ಲೆನಾಗೆ ಕಣ್ಣು ಒದ್ದೆಯಾಯಿತು. ರೆಕ್ಸ್ ಎಲೆ ಕೈಗೆತ್ತಿಕೊಂಡ. ವರ್ನನ್ ಎದ್ದು ಬಂದು ಅವನ ಬೆನ್ನು ಸವರಿದ.

"ತುಂಬಾ ದಣಿದಿದೀರ. ಹೋಗಿ ನೆಮ್ಮದಿಯಾಗಿ ಮಲಗಿ," ಎಂದ.

ಲೋವೆಲ್ ಎಲ್ಲರಿಗೂ ಶುಭರಾತ್ರಿ ಹೇಳಿ, ಕಾಲುವೆಯ ಕಡೆ ತಿರುಗಿದ. ಆಗ ಗಂಟೆ ಇನ್ನೂ ಆರೂವರೆ.